ಅಟ್ಟದ ಮೇಲಣ ಕಾಯಿ

ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೊರಟವರಿಗೆ ದಾರಿಯ ಇಕ್ಕೆಲಗಳಲ್ಲೂ ತೆಂಗಿನ ತೋಟಗಳೇ ಕಾಣುತ್ತವೆ. ಚಿಕ್ಕನಾಯಕನಹಳ್ಳಿಯ ದಾರಿಯನ್ನು ಹಿಡಿದರೂ ನೋಟ ಬೇರೆಯಾಗದು. ಈ ಸೀಮೆಯ ಹಳೆಯ ಮನೆಗಳಲ್ಲಿ ಮನುಷ್ಯರಿಗೆ ಕೋಣೆಯಿರುವಂತೆ ಕಾಯಿಗೆ ಅಟ್ಟವುಂಟು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿದ ಮೇಲೆ ಹತ್ತು ಹನ್ನೊಂದು ತಿಂಗಳು ಅದರ ಗೊಡವೆಗೆ ಯಾರೂ ಹೋಗುವುದಿಲ್ಲ. ಒಳಗಿನ ನೀರು ತಾನಾಗಿಯೇ ಇಂಗಬೇಕು. ತಿರುಳು ಚಿಪ್ಪಿನ ನಂಟು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅವಸರಪಟ್ಟು ಒಡೆದವನಿಗೆ ಹಸಿ ತಿರುಳು ಸಿಕ್ಕೀತೇ ಹೊರತು ಕೊಬ್ಬರಿಯ ಬೆಲೆ ದಕ್ಕದು.

ಕಾಯಿಯ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ಜನಕ್ಕೆ ಕೂಸಿನ ವಿಷಯದಲ್ಲಿ ಮಾತ್ರ ತಾಳ್ಮೆಯಿಲ್ಲ. ಮಗುವಿಗೆ ಮೂರು ತುಂಬಿತೆಂದರೆ ತಂದೆತಾಯಿಗಳಿಗೆ ಚಿಂತೆ ಹತ್ತುತ್ತದೆ. ಬೆಳಗ್ಗೆ ಪಟ್ಟಣದ ಶಾಲೆಯ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಕಂಠಕ್ಕೆ ಟೈ ಬಿಗಿಸಿಕೊಂಡ ಪುಟ್ಟ ಜೀವಗಳು ತೂಕಡಿಸುತ್ತಲೇ ಹತ್ತಿ ಕುಳಿತುಕೊಳ್ಳುತ್ತವೆ. ಅದೇ ಬೀದಿಯ ಕೊನೆಯಲ್ಲಿರುವ ಅಂಗನವಾಡಿಯ ಬಾಗಿಲಲ್ಲಿ ನಿಂತು, ಆ ವ್ಯಾನನ್ನು ವರ್ಷವರ್ಷವೂ ನೋಡಿದವಳು ಅಲ್ಲಿಯ ಕಾರ್ಯಕರ್ತೆ.

ಆಕೆಗೆ ಈಗ ಮೂವತ್ತೆಂಟು ವರ್ಷ. ಪಿ.ಯು.ಸಿ. ಮುಗಿಸಿ ಮದುವೆಯಾಗಿ ಬಂದವಳು; ಹದಿನೆಂಟು ವರ್ಷಗಳಿಂದ ಊರಿನ ಮಕ್ಕಳನ್ನು ತೂಗಿ, ಉಣಿಸಿ, ಹಾಡಿಸಿ, ಮಲಗಿಸಿ ಸಾಕಿದವಳು. ತನ್ನಲ್ಲಿಗೆ ಬರುವ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಾಗ ಆಕೆಗೊಂದು ಯೋಚನೆ ಹೊಳೆಯಿತು. ತಾನೂ ಓದಬೇಕು, ಶಿಶುಶಿಕ್ಷಣದಲ್ಲಿ ಒಂದು ಅರ್ಹತೆಯನ್ನು ಪಡೆಯಬೇಕು, ಆಗ ಊರವರು ತನ್ನನ್ನೂ ಟೀಚರೆಂದು ಎಣಿಸಿಯಾರು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ನಡೆಸುವ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾಕ್ಕೆ ಹಣ ಕಟ್ಟಿದಳು. ಶಿಶುಕೇಂದ್ರಗಳ ನಿರ್ವಹಣೆ, ಆರೋಗ್ಯ ಮತ್ತು ಪೋಷಣೆ, ವಿಶೇಷ ಅಗತ್ಯವುಳ್ಳ ಮಕ್ಕಳ ಸೇವೆ ಎಂಬ ಮೂರು ವಿಷಯಗಳು. ಅವುಗಳ ಜೊತೆಗೆ ಮಕ್ಕಳ ನಡುವೆ ಮಾಡಬೇಕಾದ ಪ್ರಾಯೋಗಿಕ ಕಾರ್ಯ.

ತರಿಸಿಕೊಂಡ ಪುಸ್ತಕಗಳು ಇಂಗ್ಲಿಷಿನವು. ರಾತ್ರಿ ಪಾತ್ರೆ ತೊಳೆದಾದ ಮೇಲೆ, ಕಾಲೇಜಿಗೆ ಹೋಗುವ ಮಗಳು ಓದಿ ಹೇಳುವಳು, ತಾಯಿ ಕೇಳುವಳು. ಮಗಳಿಗೆ ಪದ ಗೊತ್ತು, ಮಗು ಗೊತ್ತಿಲ್ಲ. ತಾಯಿಗೆ ಮಗು ಗೊತ್ತು, ಪದ ಗೊತ್ತಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಂಡು ಪುಟಗಳು ಸರಿದುವು. ಜಗಲಿಯಿಂದ ಅತ್ತೆಯ ಮಾತು ಕೇಳಿಬರುತ್ತಿತ್ತು: “ಮಗಳು ಪರೀಕ್ಷೆಗೆ ಕೂರೋ ಕಾಲದಲ್ಲಿ ತಾಯಿಗೂ ಪರೀಕ್ಷೆಯೇನವ್ವ?” ಆ ಮಾತಿನಲ್ಲಿ ಹಾಸ್ಯವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ವ್ಯಾನಿನ ಶಾಲೆಯನ್ನು ಮೀರಿಸುವಷ್ಟು ಬೇಗ ಅಕ್ಷರ ಕಲಿಸುವ ಉಪಾಯವನ್ನು ಆಕೆ ಪುಸ್ತಕಗಳಲ್ಲಿ ಹುಡುಕಿದಳು. ಸಿಕ್ಕಿದ್ದು ಅದಕ್ಕೆ ವಿರುದ್ಧವಾದ ಮಾತು. ಮೂರು ವರ್ಷದ ಕೂಸಿನ ಬೆರಳು ಬಳಪವನ್ನು ಹಿಡಿದು ತಿದ್ದುವಷ್ಟು ಬಲಿತಿರುವುದಿಲ್ಲ, ಮಣ್ಣು ನಾದಲಿ, ಹುಣಿಸೆಬೀಜ ಆಯಲಿ, ಮಣಿ ಪೋಣಿಸಲಿ, ಕಥೆ ಕೇಳಲಿ, ಅಕ್ಷರ ಆಮೇಲೆ. ತಾಯಂದಿರ ಒತ್ತಾಯಕ್ಕೆ ಮಣಿದು, ಅಳುವ ಮಕ್ಕಳ ಕೈ ಹಿಡಿದು ಸ್ಲೇಟಿನ ಮೇಲೆ ‘ಅ’ ತಿದ್ದಿಸಿದ ದಿನಗಳೆಲ್ಲ ಆಕೆಯ ನೆನಪಿಗೆ ಬಂದುವು. ಆ ರಾತ್ರಿ ಪುಸ್ತಕವನ್ನು ಬೇಗ ಮುಚ್ಚಿದಳು.

ಪ್ರಾಯೋಗಿಕ ಕಾರ್ಯಕ್ಕಾಗಿ ಒಂದು ಮಗುವನ್ನು ದಿನವೂ ಗಮನಿಸಿ ಬರೆದಿಡಬೇಕೆಂದು ಆಕೆ ಆರಿಸಿಕೊಂಡದ್ದು ನಾಲ್ಕು ವರ್ಷದ ಒಬ್ಬ ಹುಡುಗನನ್ನು. ಕರೆದರೆ ತಿರುಗನು, ಹಾಡುವಾಗ ಬಾಯಿ ತೆರೆಯನು, ಹೇಳಿದ್ದೊಂದು, ಮಾಡುವುದೊಂದು. ‘ಮಂಕು’ ಎಂದು ಆಕೆಯೇ ಒಂದು ವರ್ಷದ ಹಿಂದೆ ಸಹಾಯಕಿಯೊಡನೆ ಆಡಿದ್ದಳು. ತಿಳಿದು ಬರೆಯುವುದಕ್ಕಿಂತ ಕಂಡದ್ದನ್ನು ಬರೆಯುವುದು ಕಷ್ಟವೆಂಬುದು ಆಕೆಗೆ ಮೊದಲ ವಾರದಲ್ಲೇ ಗೊತ್ತಾಯಿತು. ‘ಮಂಕು’ ಎಂದು ಬರೆಯುವಂತಿಲ್ಲ; ಏನು ಮಾಡಿದ, ಏನು ಮಾಡಲಿಲ್ಲ, ಅಷ್ಟನ್ನೇ ಬರೆಯಬೇಕು.

ಒಂದು ದಿನ ಆಟಕ್ಕೆಂದು ಮನೆಯ ಅಟ್ಟದಿಂದ ಎರಡು ಕಾಯಿ ಇಳಿಸಿ, ಸುಲಿದು ತಂದಳು. ಒಂದು ಒಣಗಿದ್ದು, ಒಂದು ಹಸಿಯದು. ಕಿವಿಯ ಬಳಿ ಅಲ್ಲಾಡಿಸಿ, ಯಾವುದರೊಳಗೆ ಗಿಟುಕು ಕುಣಿಯುತ್ತದೆಂದು ಹೇಳಬೇಕು. ಒಣಗಿದ ಕಾಯಿ ಲೊಟಲೊಟ ಎಂದಾಗ ಮಕ್ಕಳೆಲ್ಲ ಕೇಕೆ ಹಾಕಿದರು. ಹುಡುಗನ ಸರದಿ ಬಂತು. ಎಡಗಿವಿಯ ಬಳಿ ಅಲ್ಲಾಡಿಸಿದಳು. ಅವನು ಆಕೆಯ ಮುಖವನ್ನೇ ನೋಡುತ್ತಿದ್ದ. ಮತ್ತೆ ಅಲ್ಲಾಡಿಸಿದಳು. ಅವನು ಎರಡು ಕೈಗಳಿಂದಲೂ ಕಾಯನ್ನು ಎಳೆದುಕೊಂಡು ಬಲಗಿವಿಗೆ ಒತ್ತಿ ಹಿಡಿದ. ಒಡನೆಯೇ ಅವನ ಮುಖ ಅರಳಿತು.

ಆಕೆಯ ಕೈ ನಡುಗಿತು. ಒಂದು ವರ್ಷದಿಂದ ಅವನನ್ನು ಕೂರಿಸುತ್ತಿದ್ದುದು ತನ್ನ ಬಲಪಕ್ಕದಲ್ಲಿ, ಅಂದರೆ ಅವನ ಎಡಗಿವಿ ತನ್ನ ಕಡೆಗೆ. ಸಂಜೆ ಅವನ ಮನೆಗೆ ಹೋದಳು. “ಕೂಸಾಗಿದ್ದಾಗ ಕಿವಿ ಸೋರುತ್ತಿತ್ತು ಕಣ್ ಮೇಡಮ್ಮ, ಎಣ್ಣೆ ಕಾಯಿಸಿ ಬಿಟ್ಟಿದ್ದೆವು,” ಎಂದಳು ಅಜ್ಜಿ. ಸೋರುವ ಕಿವಿಗೆ ಎಣ್ಣೆ ಬಿಡಬಾರದೆಂಬುದನ್ನು ಆಕೆ ಈಗಷ್ಟೇ ಕಲಿತಿದ್ದಳು. ವರ್ಷಕ್ಕೆರಡು ಸಲ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ವೈದ್ಯರ ತಂಡವಿದೆ. ತಂಡ ಬಂದ ಎರಡು ದಿನವೂ ಹುಡುಗ ನೆಂಟರ ಮನೆಯಲ್ಲಿದ್ದನಂತೆ. ಆಕೆಯೇ ತಾಯಿ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಎಡಗಿವಿಯ ತಮಟೆಯಲ್ಲಿ ರಂಧ್ರವಿತ್ತು. ಬಲಗಿವಿಯೂ ಕೊಂಚ ಮಂದವಾಗಿತ್ತು. ಚಿಕಿತ್ಸೆ ನಡೆದಿದೆ.

ಇಂಥ ಓದಿಗೆ ವಯಸ್ಸಿನ ಅಡ್ಡಿಯಿಲ್ಲ. ತಾರಾಬಾಯಿ ಮೋಡಕರೊಡನೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡಮಕ್ಕಳ ಬಾಲವಾಡಿಗೆ ತೊಡಗಿ, ಗುಡಿಸಲ ಅಂಗಳಕ್ಕೇ ಶಾಲೆಯನ್ನು ಒಯ್ದ ಅನುತಾಯಿ ವಾಘ್ ಬಾಲ್ಯದಲ್ಲೇ ವೈಧವ್ಯಕ್ಕೊಳಗಾದವರು. ಪದವಿ ಪಡೆದದ್ದು ಐವತ್ತು ದಾಟಿದ ಮೇಲೆ. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಲ್ಪಟ್ಟದ್ದು ಟಿ. ನರಸೀಪುರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಶಿಕ್ಷಣದ ಬುನಾದಿಯೆಂದು ಸಾರಿ, ಅಂಗನವಾಡಿ ಕಾರ್ಯಕರ್ತೆಯರಿಗೂ ಶಿಶುಶಿಕ್ಷಣದ ತರಬೇತಿ ಬೇಕೆಂದಿತು. ಆದರೂ ಆಕೆಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಡಿಪ್ಲೊಮಾ ಬಂದರೆ ಅದು ಹೆಚ್ಚುವುದೆಂದು ಯಾರೂ ಭರವಸೆ ಕೊಟ್ಟಿಲ್ಲ.

ಈಚಿನ ತಾಯಂದಿರ ಸಭೆಯಲ್ಲಿ ಒಬ್ಬಳು ಎದ್ದು ಕೇಳಿದಳು: “ಮೇಡಮ್ಮ, ನೀವು ಓದುತ್ತೀರಿ, ನಮ್ಮ ಮಕ್ಕಳ ಕೈಲಿ ಸ್ಲೇಟೇ ಇಲ್ಲ. ಅ ಆ ಯಾವಾಗ?”

“ನಿಮ್ಮ ಅಟ್ಟದ ಕಾಯಿ ಯಾವಾಗ ಇಳಿಸುತ್ತೀಯವ್ವ?” ಎಂದಳು ಆಕೆ.

ಹೆಂಗಸರು ನಕ್ಕರು. ನಕ್ಕವರೆಲ್ಲರೂ ಒಪ್ಪಿದರೆಂದಲ್ಲ, ಜೂನ್ ತಿಂಗಳಲ್ಲಿ ಇಬ್ಬರು ಮಕ್ಕಳು ವ್ಯಾನು ಹತ್ತಿಯೇ ಹತ್ತಿದರು. ಹುಡುಗ ಮಾತ್ರ ಉಳಿದ. ಅವನೀಗ ಕುಳಿತುಕೊಳ್ಳುವುದು ಆಕೆಯ ಎಡಪಕ್ಕದಲ್ಲಿ. ಹಾಡಿನ ಕೊನೆಯ ಸಾಲಿಗೆ, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ, ಅವನ ಧ್ವನಿಯೂ ಸೇರುತ್ತದೆ. ಆಕೆಗೆ ಇನ್ನೊಂದು ಪರೀಕ್ಷೆ ಬಾಕಿಯಿದೆ.