ಸೂರಿನ ಬೆಲೆ



ಅನ್ನ, ಅರಿವೆ, ಆಸರೆ ಎಂಬ ಮೂರು ಅಗತ್ಯಗಳಲ್ಲಿ ಮೊದಲಿನ ಎರಡನ್ನು ಮನುಷ್ಯನು ದಿನದಿನವೂ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಒದಗಿಸಿಕೊಳ್ಳುತ್ತಾನೆ. ಬೆಲೆ ಏರಿದರೆ ಒಂದು ತುತ್ತು ಕಡಿಮೆ ಉಣ್ಣಬಹುದು, ಒಂದು ಹಬ್ಬಕ್ಕೆ ಹೊಸ ಬಟ್ಟೆಯನ್ನು ಬಿಡಬಹುದು. ಆಸರೆಯ ಮಾತು ಹಾಗಲ್ಲ. ಗೋಡೆ ಎಷ್ಟೇ ಭದ್ರವಾಗಿರಲಿ, ಮೇಲೆ ಸೂರು ಬೀಳುವವರೆಗೆ ಅದು ಮನೆಯಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಆ ಕೆಲಸದ ಶ್ರಮವನ್ನು ಕುರಿತು. ಇಂದು ಅದೇ ಮಾತನ್ನು ಜನರು ಆಡುವುದು ಲೆಕ್ಕದ ಚೀಟಿಯನ್ನು ಕೈಯಲ್ಲಿ ಹಿಡಿದು.

ಕಬ್ಬಿಣ, ಸಿಮೆಂಟು, ಉಸುಕು, ಖಡಿ, ತಗಡು ಇವುಗಳ ಬೆಲೆ ಏರಿತೆಂಬ ಮಾತು ಪ್ರತಿವರ್ಷವೂ ಕೇಳಿಬರುತ್ತದೆ. ಬೆಲೆ ಏರುವುದು ಹೊಸದೇನಲ್ಲ. ಆದರೆ ಆ ಏರಿಕೆಯು ಬಡವನ ಮನೆಯನ್ನು ಇಷ್ಟು ನೇರವಾಗಿ ತಾಕುವುದು ಹೊಸದು. ಇದಕ್ಕೆ ಕಾರಣವೇನು? ಒಂದು ಕಾಲಕ್ಕೆ ನಮ್ಮ ಊರುಗಳ ಸೂರು ಪೇಟೆಯಿಂದ ಬರುತ್ತಿರಲಿಲ್ಲ ಎಂಬುದೇ ಇದರ ಮೂಲ ಎಂದು ನನಗೆ ತೋರುತ್ತದೆ.

ಕಲಬುರಗಿ ಸೀಮೆಯ ಹಳೆಯ ಮನೆಗಳನ್ನು ನೋಡಿರಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ತೊಗರಿಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಗೇಣುದ್ದಕ್ಕಿಂತ ಹೆಚ್ಚು ದಪ್ಪನಾಗಿ ಹರಡಿ ತುಳಿದ ಮಣ್ಣು. ಇದೇ ಮಾಳಿಗೆ. ಬೇವು ಹೊಲದ ಬದುವಿನದು, ತೊಗರಿಕಟ್ಟಿಗೆ ರಾಶಿ ಮುಗಿದ ಕಣದ್ದು, ಮಣ್ಣು ಊರ ಹೊರಗಿನದು. ಬಡಿಗನಿಗೆ ಸುಗ್ಗಿಯಲ್ಲಿ ಜೋಳ ಅಳೆದು ಕೊಟ್ಟರೆ ತೀರಿತು. ಮಣ್ಣು ಹೊರಲು ಓಣಿಯ ಜನ ಬರುತ್ತಿದ್ದರು. ನಾಳೆ ಅವರ ಮನೆಗೆ ಇವರು ಹೋಗುತ್ತಿದ್ದರು. ಹೀಗಾಗಿ ಸೂರಿನ ಬೆಲೆಯೆಂದರೆ ಬಹುಮಟ್ಟಿಗೆ ಮೈಮುರಿದು ದುಡಿಯುವ ದಿನಗಳ ಎಣಿಕೆಯೇ ಆಗಿತ್ತು.

ಇದನ್ನು ಹೇಳುವಾಗ ಹಳೆಯದೆಲ್ಲವೂ ಸುಖವಾಗಿತ್ತೆಂದು ನಾನು ಹೇಳುತ್ತಿಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಕುಂಬಿಯ ಮೇಲೆ ಹೊಸ ಮಣ್ಣು ಹಾಕಬೇಕು, ಬಿರುಕು ಮುಚ್ಚಬೇಕು, ಬೆಳೆದ ಹುಲ್ಲನ್ನು ಕೀಳಬೇಕು. ಈ ದುಡಿತದ ಹೆಚ್ಚಿನ ಪಾಲು ಹೆಣ್ಣುಮಕ್ಕಳ ತಲೆಯ ಮೇಲಿನ ಬುಟ್ಟಿಯದೇ ಆಗಿತ್ತು. ಒಂದು ವರ್ಷ ಅಲಕ್ಷ್ಯ ಮಾಡಿದರೆ ನೀರು ಇಳಿದು ಜಂತಿ ಕೊಳೆಯುತ್ತದೆ. ನೆನೆದ ಮಣ್ಣಿನ ಭಾರಕ್ಕೆ ಸೂರೇ ಕುಸಿಯುತ್ತದೆ. ೨೦೨೦ರ ಅಕ್ಟೋಬರ್‌ನಲ್ಲಿ ಸುರಿದ ಮಳೆ, ಭೀಮೆಗೆ ಬಂದ ಪ್ರವಾಹ ಇವುಗಳಿಗೆ ನಮ್ಮ ಭಾಗದಲ್ಲಿ ಮಣ್ಣಿನ ಮನೆಗಳು ಬಿದ್ದುದನ್ನು ಮರೆಯಲಾಗದು. ಜಂತಿಗೆ ಬೇಕಾದ ಮರವೂ ಈಗ ಸುಲಭವಾಗಿ ಸಿಗದು, ಜಂತಿ ಹೊಂದಿಸಬಲ್ಲ ಬಡಿಗರೂ ವಿರಳ. ಆದುದರಿಂದ ಜನರು ಮಾಳಿಗೆಯನ್ನು ಬಿಟ್ಟುದು ಕೇವಲ ಪ್ರತಿಷ್ಠೆಗಾಗಿ ಅಲ್ಲ.

ಬಿಟ್ಟ ಮೇಲೆ ಹಿಡಿದುದೇನು? ಕರಾವಳಿಗೆ ಮತ್ತು ಮಲೆನಾಡಿಗೆ ಹಂಚು ಬಂದಿತು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅದು ಕಾರ್ಖಾನೆಯ ಸರಕಾದರೂ ಅಲ್ಲಿಯದೇ ನದೀತೀರದ ಜೇಡಿಮಣ್ಣಿನದು. ನಮ್ಮ ಕಡೆಗೆ ಶಹಾಬಾದಿನ ಫರಸಿಕಲ್ಲು ಒದಗಿತು. ಬಳಿಕ ಬಂದವು ಸ್ಲ್ಯಾಬು ಮತ್ತು ಪತ್ರಾಸು. ಇವೆರಡಕ್ಕೂ ಬೇಕಾದ ಮೂಲವಸ್ತು ನಮ್ಮ ನೆಲದಲ್ಲಿಯೇ ಇದೆ ಎಂಬುದು ವಿಚಿತ್ರವಾದರೂ ಸತ್ಯ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಮಳಖೇಡ. ಅಲ್ಲಿಯೂ ವಾಡಿಯಲ್ಲಿಯೂ ನೆಲದ ಸುಣ್ಣದಕಲ್ಲು ಸಿಮೆಂಟಾಗಿ ಹೊರಬೀಳುತ್ತಿದೆ. ಬಳ್ಳಾರಿ ಸೀಮೆಯ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುತ್ತಿದೆ. ಆದರೂ ಕಾರ್ಖಾನೆಯ ಚಿಮಣಿ ಕಾಣುವ ಊರಿನ ಒಕ್ಕಲಿಗನು ಸಿಮೆಂಟಿನ ಚೀಲವನ್ನು ಪೇಟೆಯ ದರಕ್ಕೇ ಕೊಳ್ಳಬೇಕು. ಕಾಲ ಕೆಳಗಿನ ಕಲ್ಲು ತಲೆಯ ಮೇಲೆ ಬರುವಷ್ಟರಲ್ಲಿ ಅದಕ್ಕೆ ಕಲ್ಲಿದ್ದಲು, ಸಾಗಣೆ, ವ್ಯಾಪಾರಿಯ ಲಾಭ, ತೆರಿಗೆ ಎಲ್ಲವೂ ಅಂಟಿಕೊಂಡಿರುತ್ತವೆ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಸರಕಾರದ ವಸತಿ ಯೋಜನೆಯಲ್ಲಿ ಹೇಳಿರುವ ಚಿಕ್ಕ ಮನೆಯ ಅಳತೆ ೨೫ ಚದರ ಮೀಟರು. ಗೋಡೆಗಳ ಮೇಲೆ ಕೂರುವ ಭಾಗವನ್ನೂ ಸೇರಿಸಿದರೆ ಸ್ಲ್ಯಾಬು ಸುಮಾರು ೩೦ ಚದರ ಮೀಟರು ಆಗುತ್ತದೆ. ಐದು ಅಂಗುಲ ದಪ್ಪಕ್ಕೆ ಸಾಧಾರಣವಾಗಿ ೩೦ ಚೀಲ ಸಿಮೆಂಟು, ೩೦೦ ಕೆ.ಜಿ. ಕಬ್ಬಿಣ ಬೇಕು. ಉಸುಕು, ಖಡಿ, ಸೆಂಟ್ರಿಂಗಿನ ಬಾಡಿಗೆ, ಗೌಂಡಿಯ ಕೂಲಿ ಇವು ಬೇರೆ. ಕಬ್ಬಿಣಕ್ಕೆ ಕೆ.ಜಿ.ಗೆ ೧೫ ರೂಪಾಯಿ, ಸಿಮೆಂಟಿಗೆ ಚೀಲಕ್ಕೆ ೫೦ ರೂಪಾಯಿ ಏರಿತೆಂದು ಇಟ್ಟುಕೊಳ್ಳಿ. ಅಲ್ಲಿಗೆ ೬,೦೦೦ ರೂಪಾಯಿ ಹೆಚ್ಚಾಯಿತು. ೨೦೨೫-೨೬ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ ೩೭೦ ರೂಪಾಯಿ ಇತ್ತು. ಅಂದರೆ ಈ ಏರಿಕೆಯೊಂದಕ್ಕೇ ಒಬ್ಬನು ಉಣ್ಣದೆ ಉಡದೆ ಹದಿನಾರು ದಿನ ದುಡಿಯಬೇಕು. ಪೇಟೆಯವರಿಗೆ ಹದಿನೈದು ರೂಪಾಯಿಯಾಗಿ ಕಾಣುವುದು ಕೂಲಿಯವನಿಗೆ ಅರ್ಧ ತಿಂಗಳಾಗಿ ಕಾಣುತ್ತದೆ.

ಈ ಏರಿಳಿತದ ಕಾರಣಗಳೂ ಆ ಕೂಲಿಯವನ ಕೈಗೆ ಎಟುಕದ ದೂರದಲ್ಲಿವೆ. ೨೦೨೨ರ ಫೆಬ್ರುವರಿಯಲ್ಲಿ ರಷ್ಯ ಮತ್ತು ಉಕ್ರೇನ್‌ಗಳ ನಡುವೆ ಯುದ್ಧ ತೊಡಗಿದ ಬಳಿಕ, ಮೊದಲೇ ಏರಿದ್ದ ಉಕ್ಕಿನ ಬೆಲೆ ಇನ್ನಷ್ಟು ಏರಿತು. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಹಲವು ಬಗೆಯ ಉಕ್ಕಿನ ರಫ್ತಿಗೆ ಶೇಕಡ ೧೫ರ ಸುಂಕ ಹಾಕಿತು, ನವೆಂಬರ್‌ನಲ್ಲಿ ಅದನ್ನು ತೆಗೆಯಿತು. ಸಿಮೆಂಟಿಗೆ ೨೦೧೭ರ ಜುಲೈಯಿಂದ ಶೇಕಡ ೨೮ರ ತೆರಿಗೆಯಿತ್ತು. ಐಷಾರಾಮಿ ಕಾರುಗಳನ್ನು ಇರಿಸಿದ ಅದೇ ಪಟ್ಟಿಯಲ್ಲಿ ಬಡವನ ಸೂರಿನ ಸಿಮೆಂಟೂ ಎಂಟು ವರ್ಷ ಉಳಿಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ಶೇಕಡ ೧೮ಕ್ಕೆ ಇಳಿದಿದೆ. ವ್ಯಾಪಾರಿಯು ಆ ಇಳಿಕೆಯನ್ನು ಪೂರ್ತಿ ದಾಟಿಸಿದರೆ ೩೫೦ ರೂಪಾಯಿಯ ಚೀಲದಲ್ಲಿ ಸುಮಾರು ೨೭ ರೂಪಾಯಿ ಉಳಿಯಬೇಕು. ಉಸುಕಿನ ಕಥೆ ಬೇರೆ. ಹೊಳೆಯ ಒಡಲನ್ನು ಮಿತಿಯಿಲ್ಲದೆ ಬಗೆದುದರ ಫಲವಾಗಿ ಸಣ್ಣ ಗಣಿಗಾರಿಕೆಗೂ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ಆದೇಶಿಸಿತು. ಅದು ನ್ಯಾಯವೇ. ಆದರೆ ಹೊಳೆಯನ್ನು ಬಗೆದು ಹಣ ಮಾಡಿದವನು ಒಬ್ಬ, ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡಿಗೆ ದುಡ್ಡು ತೆರುವವನು ಇನ್ನೊಬ್ಬ.

ಇಷ್ಟಾಗಿಯೂ ಬಡವನಿಗೆ ದೊರೆಯುವ ನೆರವು ನಿಂತಲ್ಲಿಯೇ ನಿಂತಿದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು ೨೦೧೬ರಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ ೧.೨೦ ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ೨೦೨೪ರ ಆಗಸ್ಟ್‌ನಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಒಪ್ಪಿಗೆ ದೊರೆತಾಗಲೂ ಆ ಮೊತ್ತ ಬದಲಾಗಲಿಲ್ಲ. ಆ ಹಣವಾದರೂ ಹಂತಹಂತವಾಗಿ ಬರುತ್ತದೆ; ಮುಂದಿನ ಕಂತುಗಳು ಆದ ಕೆಲಸದ ಚಿತ್ರ ದಾಖಲಾದ ಬಳಿಕವೇ. ಕೈಯಲ್ಲಿ ಹಣವಿಲ್ಲದವನು ಸಾಲ ಮಾಡಿ ಕಟ್ಟಬೇಕು, ಆಮೇಲೆ ಮುಂದಿನ ಕಂತು ಪಡೆಯಬೇಕು. ನಡುವೆ ದರ ಏರಿದರೆ ಮನೆ ಲಿಂಟಲ್ ಮಟ್ಟಕ್ಕೆ ನಿಲ್ಲುತ್ತದೆ. ಊರೂರುಗಳಲ್ಲಿ ಸರಳುಗಳು ಮುಗಿಲಿಗೆ ಮುಖಮಾಡಿ ತುಕ್ಕು ಹಿಡಿಯುತ್ತಿರುವ ಮನೆಗಳನ್ನು ನೀವೂ ಕಂಡಿರಬಹುದು.

ನಮ್ಮ ಮನೆಯದೂ ಇದಕ್ಕಿಂತ ಬೇರೆಯಾದ ಅನುಭವವಲ್ಲ. ೨೦೨೦ರ ಆ ಮಳೆಗೆ ಊರಿನ ನಮ್ಮ ಮನೆಯ ಹಿಂದಿನ ಎರಡು ಅಂಕಣಗಳು ಬಿದ್ದವು. ಗೋಡೆ ಎಬ್ಬಿಸುವಷ್ಟರಲ್ಲಿ ೨೦೨೨ರ ಬೇಸಿಗೆ ಬಂದಿತು. ಕಬ್ಬಿಣದ ಅಂಗಡಿಯವನು ದರ ಬರೆದುಕೊಟ್ಟು, ಇದು ಸಂಜೆಯವರೆಗೆ ಮಾತ್ರ ಎಂದನು. ನಮ್ಮ ತಾಯಿ ಆ ಚೀಟಿಯನ್ನು ಗೌಂಡಿಗೆ ತೋರಿಸಿದಾಗ ಆತ, “ಅಕ್ಕಾ, ಈ ರೇಟಿಗಿ ಸ್ಲ್ಯಾಬು ಬ್ಯಾಡ. ಪತ್ರಾಸ ಹಾಕಮು, ಮುಂದ ನೋಡಮು” ಎಂದನು. “ಬ್ಯಾಸಿಗ್ಯಾಗ ಪತ್ರಾಸಿನ ಕೆಳಗ ಹ್ಯಾಂಗ ಮಲಗಬೇಕೋ ತಮ್ಮಾ?” ಎಂದರು ತಾಯಿ. ಬೇಸಿಗೆಯ ಬಿಸಿಲು ನಾಲ್ವತ್ತು ಡಿಗ್ರಿ ದಾಟುವ ಊರಿನಲ್ಲಿ ಆ ಪ್ರಶ್ನೆ ಸಣ್ಣದಲ್ಲ. ನಾನು ಸಾಲದ ಮಾತೆತ್ತಿದೆ. ಅವರು ಒಪ್ಪಲಿಲ್ಲ. “ಸಾಲ ಮಾಡಿ ಸ್ಲ್ಯಾಬ ಹಾಕಿದ್ರ ನಿದ್ದಿ ಬರಲ್ಲಪ್ಪಾ” ಎಂದರು.

ಕೊನೆಗೆ ಅವರೇ ದಾರಿ ಹೇಳಿದರು. ಬಿದ್ದ ಅಂಕಣಗಳಲ್ಲಿ ಗಟ್ಟಿಯಾಗಿ ಉಳಿದಿದ್ದ ಜಂತಿಗಳನ್ನು ಆರಿಸಿ, ಮುಂದಿನ ಪಡಸಾಲೆಯಲ್ಲಿ ಕೊಳೆತಿದ್ದ ಜಂತಿಗಳ ಜಾಗಕ್ಕೆ ಹಾಕಿಸಿದರು. ಅಲ್ಲಿ ಮಣ್ಣಿನ ಮಾಳಿಗೆಯೇ ಉಳಿಯಿತು. ಹಿಂದಿನ ಅಂಕಣಗಳಿಗೆ ಪತ್ರಾಸು ಬಂದಿತು; ಗೋಡೆಯನ್ನು ಮಾತ್ರ ಮುಂದೆಂದಾದರೂ ಸ್ಲ್ಯಾಬಿನ ಭಾರ ತಡೆಯುವಂತೆ ಕಟ್ಟಿಸಿದರು. ಈಗ ಬೇಸಿಗೆಯ ಮಧ್ಯಾಹ್ನ ಮನೆಯವರೆಲ್ಲರೂ ಪಡಸಾಲೆಯಲ್ಲಿಯೇ ಮಲಗುತ್ತಾರೆ. ಆದರೆ ಈ ದಾರಿ ನಮಗೆ ಒದಗಿದ್ದು ಹಳೆಯ ಜಂತಿಗಳು ಉಳಿದಿದ್ದುದರಿಂದ. ಜಂತಿಯೇ ಇಲ್ಲದವನು, ನೆಲವೊಂದನ್ನೇ ಪಡೆದು ಹೊಸದಾಗಿ ಕಟ್ಟುವವನು ಏನು ಮಾಡಬೇಕು?

ಇಂಥವನ ಮುಂದೆ ಕೆಲವರು, ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ಪ್ರಸಿದ್ಧ ವಚನವನ್ನು ನೆನೆದು, ಕಟ್ಟಿದ್ದೆಲ್ಲವೂ ಅಳಿಯತಕ್ಕದ್ದಲ್ಲವೇ, ಮನೆಗಾಗಿ ಏಕಿಷ್ಟು ಚಿಂತೆ ಎಂದು ಸಮಾಧಾನ ಹೇಳುವುದುಂಟು. ಇದು ಆ ವಚನದ ಅಭಿಪ್ರಾಯವಲ್ಲವೆಂದು ನಾನು ವಿನಯದಿಂದ ಅರಿಕೆ ಮಾಡುತ್ತೇನೆ. ಉಳ್ಳವನಿಗೂ ಇಲ್ಲದವನಿಗೂ ಇರುವ ಅಂತರದಿಂದಲೇ ಆ ವಚನ ಹುಟ್ಟಿದೆ. ಕಟ್ಟಡದ ವೈಭವದಿಂದ ಭಕ್ತಿಯನ್ನು ಅಳೆಯುವುದನ್ನು ಅದು ನಿರಾಕರಿಸುತ್ತದೆ. ಬಡವನ ಮಕ್ಕಳು ಮಳೆಯಲ್ಲಿ ನೆನೆಯಲಿ ಎನ್ನುವುದಿಲ್ಲ. ಇಲ್ಲದವನ ಪರವಾಗಿ ನಿಂತ ಮಾತನ್ನು ಇಲ್ಲದವನನ್ನೇ ಸುಮ್ಮನಾಗಿಸಲು ಬಳಸುವುದು ಶರಣರಿಗೆ ಸಲ್ಲುವ ಗೌರವವಲ್ಲ.

ಹಾಗಾದರೆ ಮಾಡಬಹುದಾದುದೇನು? ಮೊದಲನೆಯದಾಗಿ, ಪೇಟೆಯಿಂದ ತರುವುದನ್ನು ಕಡಿಮೆ ಮಾಡಿ ಕಟ್ಟುವ ವಿದ್ಯೆ ನಮ್ಮಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ಬೆಳೆಸಿತು. ಸ್ಲ್ಯಾಬಿನಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಕೆಳಭಾಗದ ಕಾಂಕ್ರೀಟಿನ ಬಹುಪಾಲು ಬರಿಯ ಭಾರ. ಆ ಜಾಗದಲ್ಲಿ ಹಳೆಯ ಹಂಚುಗಳನ್ನು ಇಟ್ಟು ಕಾಂಕ್ರೀಟನ್ನು ಉಳಿಸುವ ವಿಧಾನವನ್ನು ಲಾರಿ ಬೇಕರ್ ಅವರು ಕೇರಳದಲ್ಲಿ ಬಳಕೆಗೆ ತಂದರು. ನಮ್ಮ ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು ಊರಿನ ಗೌಂಡಿಗಳಿಗೆ ಇಂಥದನ್ನು ಕೈಹಿಡಿದು ಕಲಿಸಬೇಕು. ಗೌಂಡಿಗೆ ಬಾರದ ವಿದ್ಯೆ ಮನೆಯ ಯಜಮಾನನಿಗೆ ದಕ್ಕದು.

ಎರಡನೆಯದಾಗಿ, ನೆರವಿನ ಮೊತ್ತವನ್ನು ಸಾಮಗ್ರಿಗಳ ಬೆಲೆಯೊಡನೆ ಕಾಲಕಾಲಕ್ಕೆ ಏರಿಸಬೇಕೆಂದು ನಾವು ಕೇಳಬೇಕು. ನೌಕರರ ತುಟ್ಟಿಭತ್ಯೆಯು ಬೆಲೆಯನ್ನು ಅನುಸರಿಸಿ ಏರುವುದಾದರೆ ಬಡವನ ಸೂರಿನ ನೆರವು ಏಕೆ ಏರಬಾರದು? ಮೂರನೆಯದು ನಮ್ಮ ಕೈಯಲ್ಲಿಯೇ ಇರುವುದು. ಸ್ಲ್ಯಾಬು ಹಾಕುವ ದಿನ ಓಣಿಯವರು ಬುಟ್ಟಿ ಹಿಡಿದು ನಿಂತರೆ ಕೂಲಿಯ ಒಂದು ಪಾಲಾದರೂ ಉಳಿಯುತ್ತದೆ. ಮನೆ ಕೆಡವಿದವರು ಜಂತಿ, ಫರಸಿ, ಬಾಗಿಲುಗಳನ್ನು ಉರುವಲಿಗೆ ಹಾಕದೆ, ಗುಜರಿಗೆ ಮಾರದೆ ಕಟ್ಟುವವನಿಗೆ ಕೊಡಬಹುದು. ಇದು ದಾನವೆಂದು ಹೆಸರು ಬರೆಸಿಕೊಳ್ಳುವ ಕೆಲಸವಲ್ಲ; ನಮ್ಮ ಹಿರಿಯರು ಹೆಸರಿಲ್ಲದೆಯೇ ನಡೆಸುತ್ತಿದ್ದ ದಾಸೋಹ.

ಬೆಲೆಗಳು ಇಳಿಯುವ ದಿನಕ್ಕಾಗಿ ಕಾಯುತ್ತ ಕುಳಿತರೆ ಮಳೆ ಕಾಯುವುದಿಲ್ಲ. ನಿಮ್ಮ ಓಣಿಯಲ್ಲಿ ಲಿಂಟಲ್ ಮಟ್ಟಕ್ಕೆ ನಿಂತ ಮನೆಯೊಂದಿದ್ದರೆ, ಈ ಸಲದ ಮಿರುಗದ ಮಳೆಗೆ ಮುನ್ನ ಒಮ್ಮೆ ಅಲ್ಲಿಗೆ ಹೋಗಿ, ಇನ್ನೆಷ್ಟು ಬೇಕಾಗಿದೆ ಎಂದು ಕೇಳಿ ಬನ್ನಿರಿ.