ಕಾಯೋ ಪಾತ್ರೆ

ಅಡುಗೆಮನೆ ಕಿಟಕಿ, ಭಾಗ 11

ಈ ಚಳಿಗಾಲದಲ್ಲಿ ನಿಮ್ಮಲ್ಲಿ ತುಂಬಾ ಜನ ನನಗೆ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಒಬ್ರಿಗೆ ಜ್ವರ, ನಂಗೆ ರಜೆ ಇಲ್ಲ. ಏನು ಮಾಡಿಟ್ಟು ಹೋಗ್ಲಿ?"

ಊರಲ್ಲಾಗಿದ್ರೆ ಪಕ್ಕದ ಮನೆ ಅಕ್ಕ ಒಂದು ಪಾತ್ರೆ ಗಂಜಿ ತಂದಿಟ್ಟು, ಹಣೆ ಮುಟ್ಟಿ ನೋಡಿ ಹೋಗೋರು. ಇಲ್ಲಿ ಶಿಕಾಗೋದಲ್ಲಿ ಎದುರು ಬಾಗಿಲಿನವರ ಹೆಸರೂ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಖಾಸಗಿ ಕೆಲಸದವರಿಗೆ ಕಾಯಿಲೆ ಬಿದ್ದಾಗ ಸಂಬಳದ ರಜೆ ಕೊಡಲೇಬೇಕು ಅಂತ ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾನೂನಿಲ್ಲ. ನಮ್ಮ ಇಲಿನಾಯ್ ರಾಜ್ಯದಲ್ಲಿ 2024ರಿಂದ ಹೆಚ್ಚಿನ ಕೆಲಸಗಾರರಿಗೆ ವರ್ಷಕ್ಕೆ 40 ಗಂಟೆವರೆಗೆ ಸಿಗುತ್ತೆ. ಮಕ್ಕಳಿಗೆ ಎರಡು ಸಲ ಜ್ವರ ಬಂದ್ರೆ ಅದೂ ಮುಗೀತು. ಹೋದ ವಾರ ನಮ್ಮ ಮನೆಯವರು ಫ್ಲೂ ಬಂದು ಮಲಗಿದಾಗ ನನ್ನದೂ ಇದೇ ಕಥೆ. ಬೆಳಗ್ಗೆ ಏಳಕ್ಕೆ ನಾನು ಹೊರಡಲೇಬೇಕು.

ನನ್ನ ಉತ್ತರ: ಸ್ಲೋ ಕುಕರ್‌ನಲ್ಲಿ ಚಿಕನ್ ನೂಡಲ್ ಸೂಪ್.

ಈ ಪಾತ್ರೆ ಹುಟ್ಟಿದ್ದೇ "ಅಡುಗೆ ಮಾಡೋಕೆ ಆಗದ ದಿನ"ದ ಕಥೆಯಿಂದ. ಶಿಕಾಗೋದ ಅರ್ವಿಂಗ್ ನ್ಯಾಕ್ಸನ್ ಅನ್ನೋ ಯಹೂದಿ ಎಂಜಿನಿಯರ್‌ಗೆ ಅವರ ತಾಯಿ ಲಿಥುವೇನಿಯಾದ ಒಂದು ಅಡುಗೆಯ ಬಗ್ಗೆ ಹೇಳ್ತಿದ್ರಂತೆ. ಅವರ ಧರ್ಮದಲ್ಲಿ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಮರುದಿನ ಸಂಜೆವರೆಗೂ ಒಲೆ ಹಚ್ಚೋ ಹಾಗಿಲ್ಲ. ಅದಕ್ಕೇ ಮಾಂಸ, ಕಾಳು ತುಂಬಿದ ಪಾತ್ರೆಯನ್ನ ಮುಂಚೆಯೇ ಊರಿನ ಬೇಕರಿ ಒಲೆಗೆ ಸೇರಿಸಿಬಿಡೋರು. ಆರುತ್ತಾ ಬರೋ ಆ ಒಲೆಯಲ್ಲಿ ರಾತ್ರಿಯೆಲ್ಲ ಬೆಂದು, ಮರುದಿನ ಬಿಸಿಯಾಗೇ ಊಟಕ್ಕೆ ಬರ್ತಿತ್ತು. ಅದರ ಹೆಸರು ಚೋಲೆಂಟ್. ನ್ಯಾಕ್ಸನ್ ಅದನ್ನೇ ಕರೆಂಟಿನಲ್ಲಿ ಮಾಡೋ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದರು. 1970ರಲ್ಲಿ ರೈವಲ್ ಕಂಪನಿ ಅವರ ಉದ್ಯಮವನ್ನ ಕೊಂಡುಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಅಂತ ಹೆಸರಿಟ್ಟು ಮಾರಾಟಕ್ಕಿಳಿಸಿತು. ಹೊರಗೆ ದುಡಿಯೋಕೆ ಹೋಗೋ ಹೆಂಗಸರು ಹೆಚ್ಚುತ್ತಿದ್ದ ಕಾಲ ಅದು. ಮನೆಮನೆ ಸೇರಿತು.

ನಮ್ಮಲ್ಲೂ ಬೆರಣಿ ಕೆಂಡದ ಮೇಲೆ ಮಣ್ಣಿನ ಗಡಿಗೇಲಿ ದಿನವಿಡೀ ಹಾಲು ಕಾಯಿಸೋರು, ನೆನಪಿದೆಯಾ? ಕನ್ನಡದಲ್ಲಿ ಹಾಲು ಕಾಯೋದೂ ಕಾಯೋದೇ, ಹಾಲು ಉಕ್ಕದ ಹಾಗೆ ನಾವು ಕಾಯೋದೂ ಕಾಯೋದೇ. ಸ್ಲೋ ಕುಕರ್ ಮೊದಲನೇದನ್ನ ತಾನು ಮಾಡಿ, ಎರಡನೇದರಿಂದ ನಮ್ಮನ್ನ ಬಿಡಿಸುತ್ತೆ.

ಈಗ ವಿಧಾನ. ಸೇವ್ ಮಾಡ್ಕೊಳ್ಳಿ.

ಆರು ಲೀಟರಿನ ಪಾತ್ರೆಗೆ: ಮೂಳೆ ಸಮೇತ, ಚರ್ಮ ತೆಗೆದ ತೊಡೆ ಪೀಸು ಒಂದು ಕೆಜಿ. ಕ್ಯಾರೆಟ್ ಮೂರು, ಸೆಲರಿ ಕಡ್ಡಿ ಎರಡು, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಐದಾರು ಎಸಳು, ಬೇ ಲೀಫ್ ಒಂದು, ಕಾಳುಮೆಣಸು ಹತ್ತು, ಉಪ್ಪು ಎರಡು ಟೀ ಚಮಚ, ನೀರು ಎರಡು ಲೀಟರ್.

ಎದೆ ಮಾಂಸ ಬೇಡ. ಇಷ್ಟು ಹೊತ್ತು ಬೆಂದ್ರೆ ಒಣಗಿ ನಾರಾಗುತ್ತೆ. ತೊಡೆಯಲ್ಲಿರೋ ಕೊಲಾಜೆನ್ ನಿಧಾನ ಶಾಖಕ್ಕೆ ಕರಗಿ ಜೆಲಟಿನ್ ಆಗುತ್ತೆ. ಸೂಪು ತುಟಿಗೆ ಸ್ವಲ್ಪ ಅಂಟಿದ ಹಾಗೆ ಅನ್ನಿಸೋದು ಅದರಿಂದಾನೇ.

ತರಕಾರಿ ತಳಕ್ಕೆ, ಮಾಂಸ ಮೇಲೆ. ಈ ಪಾತ್ರೇಲಿ ಕ್ಯಾರೆಟ್ ಬೇಯೋಕೆ ಮಾಂಸಕ್ಕಿಂತ ಹೆಚ್ಚು ಹೊತ್ತು ಬೇಕು. ಲೋದಲ್ಲಿ ಆರರಿಂದ ಏಳು ಗಂಟೆ. ಟೈಮರ್ ಇರೋ ಕುಕರ್ ಆದ್ರೆ ಆಮೇಲೆ ತಾನಾಗೇ ವಾರ್ಮ್‌ಗೆ ಹೋಗುತ್ತೆ.

ಇನ್ನು ಸುರಕ್ಷತೆ. ಕಾಯಿಲೆಯವರಿಗೆ ಕೊಡೋ ಊಟ ಇದು, ದಯವಿಟ್ಟು ಹಾರಿಸಿ ಓದಬೇಡಿ. 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಸ್ಲೋ ಕುಕರ್ ಬಿಸಿಯಾಗೋದೇ ನಿಧಾನ. ಕಲ್ಲಿನ ಹಾಗೆ ಗಟ್ಟಿಯಾದ ಫ್ರೀಜರ್ ಚಿಕನ್ ಹಾಕಿದ್ರೆ ಆ ನಡುವಿನಲ್ಲೇ ಗಂಟೆಗಟ್ಟಲೆ ಕೂತಿರುತ್ತೆ. ಹಿಂದಿನ ದಿನವೇ ಫ್ರಿಜ್ಜಿಗಿಳಿಸಿ ಪೂರ್ತಿ ಕರಗಿಸಿಕೊಳ್ಳಿ. ರಾತ್ರಿಯೇ ಹೆಚ್ಚಿಡೋದಾದ್ರೆ ತರಕಾರಿ ಬೇರೆ, ಮಾಂಸ ಬೇರೆ ಡಬ್ಬಿ. ಎಲ್ಲ ತುಂಬಿದ ಪಿಂಗಾಣಿ ಪಾತ್ರೆಯನ್ನೇ ಫ್ರಿಜ್ಜಲ್ಲಿಟ್ರೆ ಬೆಳಗ್ಗೆ ಅದು ಬಿಸಿಯಾಗೋಕೆ ಇನ್ನೂ ತಡ. ಬೆಂದ ಮೇಲೆ ಮಾಂಸದ ಒಳಗೆ 74 ಡಿಗ್ರಿ ತಲುಪಿರಬೇಕು. ಥರ್ಮಾಮೀಟರ್ ಚುಚ್ಚಿ ನೋಡಿ. ಉಳಿದದ್ದನ್ನ ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ. ಮತ್ತೆ ಬಿಸಿ ಮಾಡೋದು ಒಲೆ ಮೇಲೆ, ಈ ಕುಕರ್‌ನಲ್ಲಲ್ಲ.

ನೂಡಲ್ಸ್? ಬೆಳಗ್ಗೆ ಹಾಕಿ ಹೋದ್ರೆ ಸಂಜೆಗೆ ಸಿಗೋದು ಅಂಟು. ಹಿಟ್ಟು ಬಿಟ್ಟು, ಸೂಪೆಲ್ಲ ಕುಡಿದು ಮುದ್ದೆಯಾಗಿರುತ್ತೆ. ಮನೇಲಿರೋರಿಗಾದ್ರೆ ಕೊನೆಯ ಕಾಲು ಗಂಟೆಗೆ ಹಾಕಬಹುದು. ಹೊರಗೆ ಹೋಗೋರು 200 ಗ್ರಾಂ ಎಗ್ ನೂಡಲ್ಸ್ ಬೇರೆ ಬೇಯಿಸಿ, ಒಂದು ಚಮಚ ಎಣ್ಣೆ ಸವರಿ ಫ್ರಿಜ್ಜಲ್ಲಿಡಿ. ತಿನ್ನೋರು ಬಟ್ಟಲಿಗೆ ಹಾಕ್ಕೊಂಡು ಮೇಲೆ ಕುದಿಬಿಸಿ ಸೂಪು ಸುರಿದ್ರೆ ಸಾಕು. ಕೊನೆಗೆ ನಿಂಬೆರಸ, ಕುಟ್ಟಿದ ಮೆಣಸು. "ಒಗ್ಗರಣೆ ಇಲ್ವೇನೇ?" ಅಂತ ನಮ್ಮಮ್ಮ ಫೋನಲ್ಲಿ ಎರಡು ಸಲ ಕೇಳಿದ್ರು. ಇಲ್ಲಮ್ಮ, ಇದಕ್ಕಿಲ್ಲ.

ಇದರಿಂದ ಜ್ವರ ಹೋಗುತ್ತಾ ಅಂದ್ರೆ, ಹಾಗೆ ಹೇಳಲಾರೆ. ನೆಬ್ರಾಸ್ಕಾದ ವೈದ್ಯ ಸ್ಟೀಫನ್ ರೆನಾರ್ಡ್ ಮತ್ತವರ ಜೊತೆಗಾರರು 2000ದಲ್ಲಿ ಚಿಕನ್ ಸೂಪ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಉರಿಯೂತದಲ್ಲಿ ಪಾಲ್ಗೊಳ್ಳುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಚಲನೆಯನ್ನ ಸೂಪು ತಗ್ಗಿಸಿತ್ತು. ಸೂಪಿನ ರೆಸಿಪಿ ಅವರ ಹೆಂಡತಿಯ ಅಜ್ಜಿಯದು. ಆ ಅಜ್ಜಿಯೂ ಲಿಥುವೇನಿಯಾದವರೇ ನೋಡಿ! ಆದ್ರೆ ಆ ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ, ರೋಗಿಗಳ ಮೇಲಲ್ಲ. ಹಾಗಾಗಿ ಸೂಪು ಮಾತ್ರೆಗೆ ಬದಲಿಯಲ್ಲ. ಉಸಿರಾಟಕ್ಕೆ ಕಷ್ಟವಾದ್ರೆ, ಜ್ವರ ಇಳಿಯದಿದ್ರೆ ಡಾಕ್ಟರ್ ಹತ್ರ ಹೋಗಿ.

ಸೂಪು ಕೊಡೋದು ನೀರು, ಉಪ್ಪು, ಒಂದಿಷ್ಟು ಪ್ರೋಟೀನು. ಗಂಟಲು ನೋಯ್ತಿರೋರಿಗೂ ಇಳಿಯುತ್ತೆ. ಜೊತೆಗೆ ಇನ್ನೊಂದಿದೆ. ಮಧ್ಯಾಹ್ನ ಎರಡಕ್ಕೆ ನಮ್ಮ ಮನೆಯವರು ಮೆಸೇಜ್ ಹಾಕಿದ್ರು: "ಮನೆಯೆಲ್ಲ ಘಮ್ ಅಂತಿದೆ. ಯಾರೋ ಅಡುಗೆಮನೇಲಿ ಇದ್ದಾರೆ ಅನ್ನಿಸ್ತು." ಒಬ್ಬರೇ ಮಲಗಿರೋರಿಗೆ ಅದು ಸಣ್ಣ ವಿಷಯ ಅಲ್ಲ.

ಹೊರಡೋ ಮುಂಚೆ ಫ್ರಿಜ್ ಮೇಲೊಂದು ಚೀಟಿ ಅಂಟಿಸಿ ಹೋಗಿ. ನನ್ನದರಲ್ಲಿ ಇಷ್ಟೇ ಬರೆದಿತ್ತು: ನೂಡಲ್ಸ್ ನೀಲಿ ಡಬ್ಬೀಲಿದೆ. ಮೂಳೆ ನೋಡ್ಕೊಂಡು ತಿನ್ನಿ. ಎರಡು ಗಂಟೆವರೆಗೂ ಮುಚ್ಚಳ ತೆಗೀಬೇಡಿ, ತೆಗೆದಷ್ಟೂ ತಡ ಆಗುತ್ತೆ. ಆರೂವರೆಗೆ ಬರ್ತೀನಿ.

#ಅಡುಗೆಮನೆಕಿಟಕಿ #ಚಿಕನ್‌ಸೂಪ್ #ಜ್ವರದೂಟ