ಯಾವ ಬಾವಿಯಿಂದ?

ಅಮೆರಿಕದ ಕೊಲರಾಡೋದಲ್ಲಿ ನೆಲೆಸಿರುವ ನಾವು, ಅಡಿಗೆಮನೆ ಹಾಸಿಗೆಗಳನ್ನೆಲ್ಲ ಹೊತ್ತು ಚಲಿಸುವ ನಮ್ಮ ಪ್ರಥಮ ಮೋಟಾರುಮನೆಯಲ್ಲಿ ಕಳೆದ ಏಪ್ರಿಲ್ ಮಾಸದಲ್ಲಿ ಯೂಟಾದ ಮರುಭೂಮಿಯ ಕಡೆಗೆ ಹೊರಟೆವು. ಊರಿನಿಂದ ಬಂದಿದ್ದ ವೃದ್ಧ ತಾಯಿಯವರೂ ಜೊತೆಗಿದ್ದರು. ಸಂಜೆ ನಿರ್ಜನವಾದೊಂದೆಡೆ ಬಿಡಾರ ಮಾಡಿ ನಲ್ಲಿಯನ್ನು ತಿರುಗಿಸಿದರೆ, ಪಂಪು ಗುಡುಗಿತೇ ಹೊರತು ಹನಿ ನೀರು ಬರಲಿಲ್ಲ.

ತೊಟ್ಟಿಯಲ್ಲಿ 40 ಗ್ಯಾಲನ್, ಎಂದರೆ ಸುಮಾರು 150 ಲೀಟರ್ ನೀರಿತ್ತು. 12 ವೋಲ್ಟಿನ ಬ್ಯಾಟರಿಯೂ ಸರಿಯಾಗಿತ್ತು. ಪಂಪಿನ ಬಾಯಿಯ ಜಾಲರಿಯನ್ನು ಬಿಚ್ಚಿ ತೊಳೆದೆನು, ಫಲವಾಗಲಿಲ್ಲ. ಕುಡಿಯಲು ಉಳಿದಿದ್ದುದು ಒಂದೇ ಚೊಂಬು ನೀರು. ತಾಯಿಯವರು ಅದನ್ನು ಮುಟ್ಟದೆ, “ಮಗೂ, ಅದು ಸೇದುತ್ತಿರುವುದೇನೋ ನಿಜ, ಆದರೆ ಯಾವ ಬಾವಿಯಿಂದ?” ಎಂದರು.

ಕೊಳವೆಯ ಜಾಡನ್ನು ಕೈಯಿಂದಲೇ ಹಿಡಿದು ಹೋದೆನು. ಪಂಪಿನ ಹಿಂದೆ ಸಣ್ಣದೊಂದು ತಿರುಗುಹಿಡಿಯಿತ್ತು. ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆಯದಿರಲೆಂದು, ನವೆಂಬರಿನಲ್ಲಿ ಗುಲಾಬಿ ಬಣ್ಣದ ರಕ್ಷಕ ದ್ರವವನ್ನು ಎಳೆಯಲು ನಾನೇ ಅದನ್ನು ಪಕ್ಕದ ಮೋಟುಕೊಳವೆಯ ಕಡೆಗೆ ತಿರುಗಿಸಿದ್ದೆನು. ಮರಳಿ ತೊಟ್ಟಿಯ ಕಡೆಗೆ ತಿರುಗಿಸಿರಲಿಲ್ಲ. ಪಂಪು ಸೇದುತ್ತಿದ್ದುದು ಬರಿಯ ಗಾಳಿಯನ್ನು!

ಹಿಡಿಯನ್ನು ತಿರುಗಿಸಿದ ಸ್ವಲ್ಪ ಹೊತ್ತಿಗೆ ನಲ್ಲಿಯು ಕೆಮ್ಮಿ, ಮೊದಲು ಗುಲಾಬಿಯಾಗಿ, ಬಳಿಕ ತಿಳಿಯಾಗಿ ಹರಿಯಿತು. ಬಣ್ಣವೂ ರುಚಿಯೂ ಪೂರ್ಣವಾಗಿ ಹೋಗುವವರೆಗೆ ಹರಿಯಬಿಟ್ಟೆವು.

ಈಗ ಪ್ರತಿ ಪ್ರಯಾಣಕ್ಕೆ ಮುನ್ನ ಅಂಗಳದಲ್ಲಿಯೇ ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡುತ್ತೇವೆ. ಆ ಸಂಜೆ ತಾಯಿಯವರು ಕಾದಿರಿಸಿದ್ದ ಚೊಂಬಿನಿಂದ ಅರ್ಧ ಕುಡಿದು, ಉಳಿದುದನ್ನು ನನ್ನ ಕೈಗಿತ್ತರು.